ಬಂದೆ, ಒಂದೇ ನಿಮಿಷ

"ಶನಿವಾರ ನಿಮ್ಹಾನ್ಸ್‌ಗೆ ಹೋಗ್ತಿದ್ದೀನಿ" ಎಂದು ಫೋನಿನಲ್ಲಿ ಹೇಳಿದ್ದೇ ತಡ, ಆ ಕಡೆ ಅಮ್ಮನ ದನಿ ಬದಲಾಯಿತು. "ಯಾಕೋ? ಏನಾಯ್ತು? ನಿದ್ದೆ ಸರಿಯಾಗಿ ಮಾಡ್ತಿದೀಯ ತಾನೆ?" ಹೊಸೂರು ರಸ್ತೆಯ ಆ ಸಂಸ್ಥೆಯದ್ದೇ ಒಂದು ಕನ್ವೆನ್ಷನ್ ಸೆಂಟರ್ ಇದೆ, ಬೆಂಗಳೂರಿನ ಪ್ರೋಗ್ರಾಮರುಗಳ ಎಷ್ಟೋ ಸಮ್ಮೇಳನಗಳು ಅಲ್ಲಿಯೇ ನಡೆದಿವೆ, ನಾನು ಹೊರಟಿರುವುದು ಭಾಷಣ ಕೇಳಲಿಕ್ಕೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು. "ಏನಂತೆ ಭಾಷಣ?" "ವೆಬ್‌ಸೈಟ್ ಬೇಗ ತೆರೆಯೋ ಹಾಗೆ ಮಾಡೋದು ಹೇಗೆ ಅಂತ ಬೆಳಗ್ಗೆಯಿಂದ ಸಂಜೆವರೆಗೆ ಮಾತಾಡ್ತಾರೆ." ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಗ ಮಾಡೋದು ಹೇಗೆ ಅಂತ ಹೇಳೋಕೆ ಒಂದಿಡೀ ದಿನ ಬೇಕಾ?" ಎಂದಳು. ಇದಕ್ಕೆ ಸಂಘಟಕರ ಬಳಿಯೂ ಉತ್ತರ ಇದ್ದಿರಲಾರದು.

ವೆಬ್ ಡೆವಲಪರುಗಳ ಸಮ್ಮೇಳನ ನೋಡದವರಿಗೆ ಹೇಳಬೇಕೆಂದರೆ, ಅದು ಹೆಚ್ಚು ಮಾತಾಡದ ಜನ ಮಾತಾಡಲೆಂದೇ ಸೇರುವ ಜಾಗ. ಕೊರಳಲ್ಲಿ ಹೆಸರಿನ ಪಟ್ಟಿ, ಬೆನ್ನಿಗೆ ಚೀಲ, ಚೀಲದೊಳಗೆ ಸ್ಟಿಕ್ಕರುಗಳಲ್ಲಿ ಮುಚ್ಚಿಹೋದ ಲ್ಯಾಪ್‌ಟಾಪ್. ಪರಿಚಯ ಮಾಡಿಕೊಳ್ಳುವಾಗ ಎದುರಿನವರ ಮುಖಕ್ಕಿಂತ ಮೊದಲು ಎದೆಯ ಮೇಲಿನ ಪಟ್ಟಿ ಓದುತ್ತಾರೆ. ಪ್ರಾಯೋಜಕರ ಮಳಿಗೆಯಲ್ಲಿ ಟೀ ಶರ್ಟ್ ಹಂಚುತ್ತಿದ್ದರು. ಬೇಗ ಬಂದವರಿಗೆ ಮೈಗೆ ಹೊಂದುವಂಥದ್ದು ಸಿಕ್ಕಿತು, ತಡವಾದವರು ಡಬಲ್ ಎಕ್ಸೆಲ್ ಹೊತ್ತುಕೊಂಡು ಹೋದರು. ವೇಗದ ಮಹತ್ವ ಅಂದು ಮೊದಲು ತಿಳಿದದ್ದು ಅವರಿಗೇ ಇರಬೇಕು.

ನಾನು ದುಡಿಯುವುದು ಸೀರೆ, ಕುಕ್ಕರು, ದೀಪದ ಕಂಬ ಇತ್ಯಾದಿ ಮಾರುವ ಒಂದು ಆನ್‌ಲೈನ್ ಅಂಗಡಿಯಲ್ಲಿ. ಸೈಟ್ ನಿಧಾನ ಎಂದು ದೂರು ಬಂದರೆ ನಮ್ಮಲ್ಲಿ ಎಲ್ಲರೂ ಮೊದಲು ಬೈಯುವುದು ಸರ್ವರನ್ನು. ಅದು ಎದುರು ಮಾತಾಡುವುದಿಲ್ಲ. ಆದರೆ ಅದಕ್ಕೆ ಬೈಯುವುದು ಬಹುಪಾಲು ಅನ್ಯಾಯ ಎಂದು ಸ್ಟೀವ್ ಸೌಡರ್ಸ್ ಬಹಳ ಹಿಂದೆಯೇ ಅಳೆದು ತೋರಿಸಿದ್ದಾರೆ. ಯಾಹೂದಲ್ಲಿದ್ದ ಅವರು 2007ರಲ್ಲಿ ‘ಹೈ ಪರ್ಫಾರ್ಮೆನ್ಸ್ ವೆಬ್ ಸೈಟ್ಸ್’ ಎಂಬ ತೆಳ್ಳನೆಯ ಪುಸ್ತಕ ತಂದರು. ಒಟ್ಟು 14 ನಿಯಮ, ಅಷ್ಟೆ. ಬಳಕೆದಾರ ಕಾಯುವ ಹೊತ್ತಿನಲ್ಲಿ ಶೇ 80ರಿಂದ 90 ಭಾಗ ಕರಗುವುದು ಸರ್ವರಿನಲ್ಲಲ್ಲ, ಪುಟ ಬ್ರೌಸರಿನ ಕೈಗೆ ಬಂದ ಮೇಲೆ ಅದು ಚಿತ್ರ, ಸ್ಕ್ರಿಪ್ಟ್, ಸ್ಟೈಲ್‌ಶೀಟುಗಳನ್ನು ಒಂದೊಂದಾಗಿ ತರಿಸಿಕೊಂಡು ಜೋಡಿಸುವುದರಲ್ಲಿ ಎಂಬುದು ಅದರ ತಿರುಳು. ಮರುವರ್ಷವೇ ವೇಗದ ವಿಚಾರಕ್ಕೆಂದೇ ಅಮೆರಿಕದಲ್ಲಿ ‘ವೆಲಾಸಿಟಿ’ ಎಂಬ ಸಮ್ಮೇಳನವೂ ಶುರುವಾಯಿತು. ಈ ಊಟ, ಟೀ ಶರ್ಟು, ಭಾಷಣಗಳ ಪರಂಪರೆಗೆ ಹಾಗೆ ನೋಡಿದರೆ ವಯಸ್ಸು ಹೆಚ್ಚಿಲ್ಲ.

ಬೆಳಗಿನ ಎರಡನೇ ಭಾಷಣಕಾರ ವೇದಿಕೆ ಹತ್ತಿ ಸ್ಲೈಡ್ ತೋರಿಸಲಿಲ್ಲ. ತನ್ನದೇ ಕಂಪನಿಯ ಸೈಟನ್ನು ದೊಡ್ಡ ಪರದೆಗೆ ಹಾಕಿ, ಕ್ರೋಮಿನ ಒಳಗಿರುವ ಡೆವಲಪರ್ ಟೂಲಿನಲ್ಲಿ ನೆಟ್‌ವರ್ಕನ್ನು ನಿಧಾನದ 3ಜಿಗೆ ಇಳಿಸಿದ. "ಯಾರೂ ಫೋನ್ ತೆಗೀಬೇಡಿ, ಪಕ್ಕದವರ ಹತ್ರ ಮಾತಾಡಬೇಡಿ. ಪುಟ ಬರೋವರೆಗೆ ಸುಮ್ನೆ ನೋಡ್ತಾ ಇರಿ" ಎಂದು ಎಂಟರ್ ಒತ್ತಿದ.

ಬಿಳಿ ಪರದೆ. ಸಭೆಯಲ್ಲಿ ಮೊದಲು ಸ್ವಲ್ಪ ನಗು. ಇನ್ನೂ ಬಿಳಿ. ಯಾರೋ ಕೆಮ್ಮಿದರು, ಹಿಂದೆ ಯಾರದೋ ಕುರ್ಚಿ ಕಿರುಗುಟ್ಟಿತು. ಮೇಲ್ಗಡೆ ನೀಲಿ ಪಟ್ಟಿಯೊಂದು ಕಾಣಿಸಿಕೊಂಡಿತು, ಅದರಲ್ಲಿ ಅಕ್ಷರ ಇಲ್ಲ. ನಡುವೆ ಚಕ್ರ ತಿರುಗತೊಡಗಿತು. ನನ್ನ ಪಕ್ಕದವನ ಕೈ ತಾನಾಗಿ ಜೇಬಿನ ಕಡೆ ಹೋಗಿ, ನೆನಪಾಗಿ ವಾಪಸ್ ಬಂತು. ಕೊನೆಗೆ ಒಂದು ಸಾಲು ಬರಹ ಮೂಡಿತು. ಓದಲು ಬಗ್ಗಿದೆವು, ಅದರ ಮೇಲೆ ಚಿತ್ರವೊಂದು ಬಂದು ಕೂತು ಸಾಲನ್ನು ಕೆಳಕ್ಕೆ ನೂಕಿತು. ಕುಕೀಗೆ ಒಪ್ಪಿಗೆ ಕೇಳುವ ಚೀಟಿ ಬಂತು, ಮೂಲೆಯಿಂದ "ಹಾಯ್, ನಿಮಗೆ ಹೇಗೆ ಸಹಾಯ ಮಾಡಲಿ?" ಎಂದು ಚಾಟ್ ಗುಳ್ಳೆ ಇಣುಕಿತು. ಸಭೆ ಗೊಳ್ಳೆಂದು ನಕ್ಕಿತು. ಭಾಷಣಕಾರ ನಗಲಿಲ್ಲ. "ಅರ್ಧ ನಿಮಿಷವೂ ಆಗಿಲ್ಲ. ನಿಮಗೆ ಎಷ್ಟು ಅನ್ನಿಸ್ತು?" ಎಂದ. ಮುಂದಿನ ಸಾಲಿನಿಂದ ಯಾರೋ "ಎರಡು ನಿಮಿಷ" ಎಂದು ಕೂಗಿದರು.

ಈ ಕಾಯುವಿಕೆಗೆ ಯೂಸಬಿಲಿಟಿ ತಜ್ಞ ಜೇಕಬ್ ನೀಲ್ಸನ್ 1993ರಷ್ಟು ಹಿಂದೆಯೇ ಮೂರು ಗಡಿ ಹಾಕಿಟ್ಟಿದ್ದಾರೆ. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಉತ್ತರ ಬಂದರೆ ಒತ್ತಿದ್ದಕ್ಕೇ ಆಯಿತು ಅನ್ನಿಸುತ್ತದೆ. ಒಂದು ಸೆಕೆಂಡಿನವರೆಗೆ ಯೋಚನೆಯ ಎಳೆ ಕಡಿಯುವುದಿಲ್ಲ. 10 ಸೆಕೆಂಡ್ ದಾಟಿದರೆ ಮನಸ್ಸು ಬೇರೆ ಕೆಲಸಕ್ಕೆ ಹೊರಟುಬಿಡುತ್ತದೆ. ಇದು ಕಂಪ್ಯೂಟರಿನ ಲೆಕ್ಕವಲ್ಲ, ಮನುಷ್ಯನ ತಲೆಯ ಲೆಕ್ಕ. ಹಾಗಾಗಿ ಪ್ರೊಸೆಸರುಗಳು ಎಷ್ಟೋ ಪಟ್ಟು ಚುರುಕಾದರೂ ಈ ಗಡಿಗಳು ಕದಲಿಲ್ಲ.

ಆ ಬಿಳಿ ಪರದೆ ನೋಡುತ್ತಿದ್ದಾಗ ನನಗೆ ನೆನಪಾದದ್ದು ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಪ್ಪ. ಅವರ ಮನೆಯಲ್ಲಿ ಸಿಗ್ನಲ್ ಸಿಗುವುದು ಅಂಗಳದ ತುದಿಯಲ್ಲಿ, ಅಡಿಕೆ ಚಪ್ಪರದ ಕಂಬದ ಹತ್ತಿರ ಮಾತ್ರ. ಮಧ್ಯಾಹ್ನ ಊಟವಾದ ಮೇಲೆ ಅಲ್ಲಿಗೆ ಹೋಗಿ, ಕನ್ನಡಕ ಹಣೆಗೇರಿಸಿ, ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ದರ ನೋಡುವುದು ಅವರ ದಿನಚರಿ. ಅವರಿಗೆ ಬೇಕಾದ್ದು ಒಂದೇ ಅಂಕಿ: ರಾಶಿ ಇವತ್ತು ಎಷ್ಟು? ಉಳಿದ ಬಗೆಗಳಾದ ಬೆಟ್ಟೆ, ಸರಕು, ಗೊರಬಲು ಕಂಡರೂ ಆಯಿತು, ಕಾಣದಿದ್ದರೂ ಆಯಿತು. ಆ ಅಂಕಿಯ ತೂಕ ಹತ್ತು ಬೈಟ್ ಕೂಡ ಇರಲಾರದು. ಆದರೆ ದರ ತೋರಿಸುವ ಆ ಸೈಟು ಮೊದಲು ಹಸಿರು ತೋಟದ ದೊಡ್ಡ ಫೋಟೊ ಕಳಿಸುತ್ತದೆ, ಆಮೇಲೆ ಪೇಟ ಸುತ್ತಿ ನಗುವ ರೈತನನ್ನು ಕಳಿಸುತ್ತದೆ, ಆಮೇಲೆ ಜಾಹೀರಾತು, ದರಪಟ್ಟಿ ಎಲ್ಲಕ್ಕಿಂತ ಕೊನೆಗೆ.

ಒಂದು ಸಲ ನಾನೂ ಪಕ್ಕದಲ್ಲೇ ನಿಂತಿದ್ದೆ. ಅಂತೂ ಪಟ್ಟಿ ಬಂತು, ಚಿಕ್ಕಪ್ಪ ‘ಶಿವಮೊಗ್ಗ’ ಎಂಬುದರ ಮೇಲೆ ಬೆರಳಿಡುವುದಕ್ಕೂ ಮೇಲಿಂದ ಜಾಹೀರಾತೊಂದು ಇಳಿದು ಪಟ್ಟಿಯನ್ನು ಕೆಳಕ್ಕೆ ತಳ್ಳುವುದಕ್ಕೂ ಸರಿಹೋಯಿತು. ಬೆರಳು ಬಿದ್ದದ್ದು ಟ್ರ್ಯಾಕ್ಟರ್ ಸಾಲದ ಮೇಲೆ. ಅಲ್ಲಿ ಏನೇನು ಒತ್ತಿದರೋ, ಮುಂದೆ ವಾರಗಟ್ಟಲೆ ಯಾರೋ ಫೋನ್ ಮಾಡಿ "ಸರ್, ಟ್ರ್ಯಾಕ್ಟರ್ ಲೋನ್ ಬೇಕಂದಿದ್ರಲ್ಲ" ಎಂದು ಕೇಳುತ್ತಲೇ ಇದ್ದರು. ಗುಡ್ಡದ ಇಳಿಜಾರಿನ ಆ ತೋಟಕ್ಕೆ ಟ್ರ್ಯಾಕ್ಟರಿರಲಿ, ಸೈಕಲ್ಲೂ ಇಳಿಯುವುದಿಲ್ಲ. "ಎಂತ ಮಾರಾಯ ಇದು, ದರ ಕೇಳಿದ್ರೆ ಸಾಲ ಕೊಡ್ತಾರೆ" ಎಂದು ಚಿಕ್ಕಪ್ಪ ಫೋನನ್ನು ಜೇಬಿಗೆ ಹಾಕಿಕೊಂಡು, ಮನೆಯ ಹಳೆಯ ದೂರವಾಣಿಯಿಂದ ಮಂಡಿಗೆ ಕರೆ ಮಾಡಿದರು. ಒಂದೇ ಮಾತಿನಲ್ಲಿ ಮುಗಿಯಿತು.

ಬೆರಳಿನಡಿಯ ನೆಲ ಹೀಗೆ ಸರಿಯುವುದಕ್ಕೂ ಈಗ ಒಂದು ಅಳತೆ ಇದೆ ಎಂದು ಅಂದು ಕೇಳಿದಾಗ ನನಗೆ ವಿಚಿತ್ರವಾದ ಸಮಾಧಾನವಾಯಿತು. ಗೂಗಲ್ 2020ರಲ್ಲಿ ‘ಕೋರ್ ವೆಬ್ ವೈಟಲ್ಸ್’ ಎಂದು ಮೂರು ಅಳತೆ ಮುಂದಿಟ್ಟಿತು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ಒತ್ತಿದ್ದಕ್ಕೆ ಪುಟ ಮಿಸುಕಾಡಬೇಕು. ಇದರ ಅಳತೆಗೋಲನ್ನು 2024ರಲ್ಲಿ ಬದಲಿಸಿ 200 ಮಿಲಿಸೆಕೆಂಡಿನ ಗಡಿ ಹಾಕಿದರು. ಮೂರನೆಯದು ಚಿಕ್ಕಪ್ಪನದು: ಪುಟದೊಳಗಿನ ವಸ್ತುಗಳು ಎಷ್ಟು ದೊಡ್ಡದಾಗಿ, ಎಷ್ಟು ದೂರ ಜಿಗಿಯುತ್ತವೆ ಎಂದು ಲೆಕ್ಕ ಹಾಕಿದರೆ 0.1 ದಾಟಬಾರದು. ಪರಿಹಾರ ದೊಡ್ಡದೇನಲ್ಲ. ಚಿತ್ರಕ್ಕೆ, ಜಾಹೀರಾತಿಗೆ ಇಷ್ಟು ಅಗಲ, ಇಷ್ಟು ಎತ್ತರ ಎಂದು ಮೊದಲೇ ಜಾಗ ಕಾದಿರಿಸಿದರೆ ಸಾಕು. ಬಸ್ಸಿನಲ್ಲಿ ಕರವಸ್ತ್ರ ಹಾಕಿ ಸೀಟು ಹಿಡಿಯುವ ನಾಡಿನವರಿಗೆ ಇದನ್ನು ಹೇಳಿಕೊಡಬೇಕೆ!

ಊಟಕ್ಕೆ ಮುಂಚಿನ ಭಾಷಣ ನನಗೆ ಬಹಳ ಹಿಡಿಸಿತು. ಅದರಲ್ಲಿ ಬಂದ ಕಥೆ ಯೂಟ್ಯೂಬಿನದು. ಅಲ್ಲಿ ಎಂಜಿನಿಯರ್ ಆಗಿದ್ದ ಕ್ರಿಸ್ ಜಕಾರಿಯಸ್, ವಿಡಿಯೊ ನೋಡುವ ಪುಟ 1.2 ಎಂಬಿಗೆ ಊದಿಕೊಂಡದ್ದನ್ನು ಕಂಡು, ಅದನ್ನು 100 ಕೆಬಿಯೊಳಗೆ ತರುತ್ತೇನೆಂದು ಹಟ ಹಿಡಿದರು. ಬೇಕಿಲ್ಲದ್ದನ್ನೆಲ್ಲ ಕಿತ್ತುಹಾಕಿ 98 ಕೆಬಿಗೆ ತಂದರು, ಅದಕ್ಕೆ ‘ಫೆದರ್’ ಎಂದು ಹೆಸರಿಟ್ಟರು, ಒಂದಷ್ಟು ಜನರಿಗೆ ಬಿಟ್ಟರು. ವಾರದ ಮೇಲೆ ಅಂಕಿಅಂಶ ನೋಡಿದರೆ ಸರಾಸರಿ ಸಮಯ ಇಳಿಯುವ ಬದಲು ಏರಿದೆ! ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಸಿದ ಪುಟ ನಿಧಾನವಾಗುವುದೆಂದರೇನು? ತಲೆ ಕೆಡಿಸಿಕೊಂಡು ಅಂಕಿಗಳನ್ನು ಊರು-ದೇಶದ ಪ್ರಕಾರ ವಿಂಗಡಿಸಿದಾಗ ಗುಟ್ಟು ಗೊತ್ತಾಯಿತು. ಆಗ್ನೇಯ ಏಷ್ಯಾ, ದಕ್ಷಿಣ ಅಮೆರಿಕ, ಆಫ್ರಿಕಾ, ಸೈಬೀರಿಯಾದ ಮೂಲೆಗಳಿಂದ ಹೊಸ ಜನ ಬರತೊಡಗಿದ್ದರು. ಅವರಿಗೆ ಈ ಹಗುರ ಪುಟ ತೆರೆಯಲೂ ಎರಡು ನಿಮಿಷ ಹಿಡಿಯುತ್ತಿತ್ತು. ಹಳೆಯ ಪುಟವಾಗಿದ್ದರೆ ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷ ಯಾರು ಕಾಯುತ್ತಾರೆ? ಹಾಗಾಗಿ ಅವರು ಅದುವರೆಗೆ ಲೆಕ್ಕಕ್ಕೇ ಸಿಕ್ಕಿರಲಿಲ್ಲ.

ನಮ್ಮ ಆಫೀಸಿನಲ್ಲಿ ಗೋಡೆಗೆ ತಗುಲಿ ಹಾಕಿದ ಟೀವಿಯಲ್ಲಿ ಸರಾಸರಿ ಲೋಡ್ ಸಮಯ ಹಸಿರು ಬಣ್ಣದಲ್ಲಿ ಹೊಳೆಯುತ್ತಿರುತ್ತದೆ. ಆ ಹಸಿರು ಉಳಿದವರ ಲೆಕ್ಕ, ಬೇಸತ್ತು ಹೊರಟವರು ಅದರಲ್ಲಿಲ್ಲ. ಚಿಕ್ಕಪ್ಪ ಫೋನನ್ನು ಜೇಬಿಗೆ ಹಾಕಿಕೊಂಡ ಗಳಿಗೆಯಲ್ಲೇ ದರದ ಸೈಟಿನ ಸರಾಸರಿ ಸ್ವಲ್ಪ ಸುಧಾರಿಸಿರಬೇಕು! ಉಳಿದವರಲ್ಲೂ ಹೆಚ್ಚು ಕಾದವರನ್ನು ಸರಾಸರಿ ಮರೆಸುತ್ತದೆಂದು ಈಗ ಅದನ್ನು ಬಿಟ್ಟು, ನೂರು ಭೇಟಿಗಳನ್ನು ಬೇಗದಿಂದ ನಿಧಾನಕ್ಕೆ ಜೋಡಿಸಿ 75ನೆಯದು ಎಷ್ಟು ಕಾದಿತು ಎಂದು ನೋಡುವ ಪದ್ಧತಿ ಬಂದಿದೆ. ಗೂಗಲ್ಲಿನ ಆ ಮೂರು ಅಳತೆಗಳೂ ಹಾಗೆಯೇ. ನನ್ನನ್ನು ಕೇಳಿದರೆ 95ನೆಯದನ್ನೂ ಗೋಡೆಗೆ ಹಾಕಬೇಕು, ಕೆಂಪು ಬಣ್ಣದಲ್ಲಿ.

ಜಿಯೊ 2016ರಲ್ಲಿ ಬಂದು ಡೇಟಾ ಅಗ್ಗವಾಯಿತಲ್ಲ, ಇನ್ನೇನು ಚಿಂತೆ ಎಂಬ ವಾದ ಸಮ್ಮೇಳನದಲ್ಲೂ ಕೇಳಿಬಂತು. ಡೇಟಾ ಅಗ್ಗವಾದದ್ದು ನಿಜ, ಆದರೆ ಬೆಳಕಿನ ವೇಗ ಹೆಚ್ಚಲಿಲ್ಲ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸರ್ವರ್ ಅಮೆರಿಕದ ಪೂರ್ವ ಕರಾವಳಿಯಲ್ಲಿದ್ದರೆ, ಸಮುದ್ರದಡಿಯ ಕೇಬಲ್ಲಿನ ಸುತ್ತುದಾರಿಯಲ್ಲಿ ಬೆಂಗಳೂರಿನಿಂದ ಹೋಗಿಬರಲು 200 ಮಿಲಿಸೆಕೆಂಡಿಗೂ ಮಿಕ್ಕಿ ಬೇಕು. ವಿಳಾಸ ಹುಡುಕಲು, ಸಂಪರ್ಕ ಕೂಡಿಸಲು, ಗುಟ್ಟಿನ ಕೀಲಿ ಬದಲಿಸಿಕೊಳ್ಳಲು ಎಂದು ಪುಟದ ಮೊದಲ ಅಕ್ಷರಕ್ಕಿಂತ ಮುಂಚೆ ಹಲವು ಓಡಾಟ. ಅದಕ್ಕೇ ಪ್ರತಿಗಳನ್ನು ಊರೂರಿನ ಹತ್ತಿರ ಇಟ್ಟುಕೊಳ್ಳುವ ಸಿಡಿಎನ್ ಉದ್ಯಮ ಹುಟ್ಟಿದ್ದು. ಇದು ಹಳೆಯ ವಿಚಾರ, ದುಡ್ಡು ಕೊಟ್ಟರೆ ಬಗೆಹರಿಯುತ್ತದೆ. ಫೋನಿನ ತಾಕತ್ತು ಹಾಗಲ್ಲ. 100 ಕೆಬಿ ಚಿತ್ರ ಬಂದ ಮೇಲೆ ಅದನ್ನು ಬಿಡಿಸಿ ತೋರಿಸಿದರೆ ಮುಗಿಯಿತು. 100 ಕೆಬಿ ಜಾವಾಸ್ಕ್ರಿಪ್ಟನ್ನು ಓದಬೇಕು, ಅರ್ಥ ಮಾಡಿಕೊಳ್ಳಬೇಕು, ನಡೆಸಬೇಕು. ನಾವು ಕೋಡ್ ಬರೆಯುವ ಲ್ಯಾಪ್‌ಟಾಪಿಗೆ ಇದೊಂದು ಕೆಲಸವೇ ಅಲ್ಲ, ಅಗ್ಗದ ಫೋನು ಬಿಸಿಯೇರಿ ಒದ್ದಾಡುತ್ತದೆ. ಲೈಟ್‌ಹೌಸ್ ಎಂಬ ಪರೀಕ್ಷೆಯ ಉಪಕರಣ ಮೊಬೈಲ್ ಅಂಕ ಕೊಡುವಾಗ ನಮ್ಮ ಪ್ರೊಸೆಸರನ್ನು ನಾಲ್ಕು ಪಟ್ಟು ನಿಧಾನ ಮಾಡಿಕೊಳ್ಳುವುದು ಈ ಸೊಕ್ಕು ಇಳಿಸಲಿಕ್ಕೇ.

ಟೀ ವಿರಾಮದಲ್ಲಿ ಸಿಕ್ಕವಳು ಹುಬ್ಬಳ್ಳಿಯ ಹುಡುಗಿ, ಫಾಂಟ್ ಕೆಲಸದವಳು. ಬೆಳಗ್ಗೆಯಿಂದ ಕೇಳಿದ್ದು ಅವಳಿಗೆ ರುಚಿಸಿರಲಿಲ್ಲ. "ಇಪ್ಪತ್ತಾರು ಅಕ್ಷರಕ್ಕ ಇವ್ರು ಇಷ್ಟ ಒದ್ದಾಡ್ತಾರ. ನಮ್ಮ ಒತ್ತಕ್ಷರದ ಕಥಿ ಯಾರ ಮುಂದ ಹೇಳೂಣ್ರಿ?" ಎಂದಳು. ಕಥೆ ನಿಜವಾಗಿಯೂ ದೊಡ್ಡದು. ಯೂನಿಕೋಡಿನಲ್ಲಿ ಕನ್ನಡಕ್ಕೆ ಕೊಟ್ಟಿರುವುದು 128 ಮನೆ ಮಾತ್ರ. ಆದರೆ ಕಾಗುಣಿತ, ಒತ್ತು, ಅರ್ಕಾವತ್ತು ಕೂಡಿ ಕಣ್ಣಿಗೆ ಕಾಣುವ ರೂಪಗಳು ನೂರಾರು, ಅವಷ್ಟನ್ನೂ ಫಾಂಟ್ ಹೊತ್ತು ತರಬೇಕು. ಜೊತೆಗೆ ಯಾವ ಅಕ್ಷರ ಯಾವುದರೊಡನೆ ಸೇರಿದರೆ ಏನಾಗುತ್ತದೆ ಎಂಬ ನಿಯಮಗಳ ಗಂಟು. ಹೀಗಾಗಿ ಕನ್ನಡ ಫಾಂಟು ಬರಿಯ ಇಂಗ್ಲಿಷ್ ಅಕ್ಷರಗಳ ಫಾಂಟಿಗಿಂತ ಹಲವು ಪಟ್ಟು ಭಾರ. ಅದು ಬರುವ ತನಕ ಬ್ರೌಸರ್ ಸಾಮಾನ್ಯವಾಗಿ 3 ಸೆಕೆಂಡಿನವರೆಗೆ ಅಕ್ಷರಗಳನ್ನು ತೋರಿಸದೆ ಬಚ್ಚಿಟ್ಟುಕೊಳ್ಳುತ್ತದೆ. ಸುದ್ದಿ ಬಂದು ಕೂತಿದೆ, ಓದುವಂತಿಲ್ಲ! ಬೇಡ, ಫೋನಿನಲ್ಲಿರುವ ಫಾಂಟಿನಲ್ಲೇ ಮೊದಲು ತೋರಿಸು, ಆಮೇಲೆ ಬದಲಿಸು ಎಂದು ಒಂದು ಸಾಲಿನಲ್ಲಿ ಹೇಳಬಹುದು. ಆದರೆ ಕನ್ನಡದಲ್ಲಿ ಒತ್ತು ಕೆಳಗಿಳಿಯುವ ಆಳ, ಸಾಲಿನ ಎತ್ತರ ಫಾಂಟಿನಿಂದ ಫಾಂಟಿಗೆ ಬೇರೆ. ಬದಲಾದ ಕ್ಷಣ ಇಡೀ ಪುಟ ಕುಪ್ಪಳಿಸುತ್ತದೆ, ಟ್ರ್ಯಾಕ್ಟರ್ ಸಾಲ ಮತ್ತೆ ಬೆರಳಿನಡಿಗೆ.

"ಹಂಗಾರ ಏನ್ ಮಾಡೂದು?" ಎಂದು ಅವಳ ಧಾಟಿಯಲ್ಲೇ ಕೇಳಿದೆ. ತಲೆಬರಹಕ್ಕೆ ಮಾತ್ರ ಚೆಂದದ ಫಾಂಟ್, ಮೈಬರಹಕ್ಕೆ ಫೋನಿನಲ್ಲಿ ಇದ್ದದ್ದೇ ಸಾಕು ಎಂಬುದು ಅವಳ ತೀರ್ಮಾನ. ಇವತ್ತಿನ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಮೊದಲೇ ಇರುತ್ತದೆ, ನೋಡುವಂತೆಯೂ ಇರುತ್ತದೆ. ಫಾಂಟ್ ಮಾಡುವವಳೇ ಫಾಂಟ್ ಬೇಡವೆಂದದ್ದು ಅಂದಿನ ಅತ್ಯಂತ ಪ್ರಾಮಾಣಿಕ ಮಾತು ಎಂದು ನನಗನ್ನಿಸಿತು. ಬರಹದ ತೂಕದ ಬಗ್ಗೆ ಅವಳಿಗೆ ಚಿಂತೆಯಿರಲಿಲ್ಲ. ‘ಲಕ್ಷ್ಮಿ’ ಎಂದು ಕನ್ನಡದಲ್ಲಿ ಬರೆದರೆ 21 ಬೈಟ್, ಇಂಗ್ಲಿಷಿನಲ್ಲಾದರೆ 7. ಆದರೆ ಕನ್ನಡದ ಎಲ್ಲ ಅಕ್ಷರಗಳಿಗೂ ಮೊದಲ ಬೈಟ್ ಒಂದೇ, ಎರಡನೆಯದಕ್ಕೆ ಎರಡೇ ಆಯ್ಕೆ. ಹೀಗೆ ಮರುಕಳಿಸುವುದನ್ನು ಹಿಂಡಿ ಸಣ್ಣದು ಮಾಡುವುದರಲ್ಲಿ ಜಿಜಿಪ್ ಪಳಗಿದೆ. ಲಕ್ಷ್ಮಿ ದಾರಿಯಲ್ಲಿ ತೆಳ್ಳಗಾಗಿಯೇ ಬರುತ್ತಾಳೆ.

ಮಧ್ಯಾಹ್ನದ ಮೇಲೆ ಹೇಳಿದ್ದರಲ್ಲಿ ಬಹುಪಾಲು ಬಡಿಸುವ ಕ್ರಮದ ವಿಚಾರ. ಮದುವೆಮನೆಯ ಪಂಕ್ತಿಯಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ. ಎಲೆ ಬಿತ್ತು, ನೀರು ಚಿಮುಕಿಸಿಕೊಂಡದ್ದಾಯಿತು, ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬರುತ್ತಲೇ ಇವೆ. ಅನ್ನ ಇನ್ನೂ ಒಲೆಯ ಮೇಲಿದೆಯೋ ಏನೋ, ಕಾದೆವೆಂದು ಯಾರಿಗೂ ಅನ್ನಿಸುವುದಿಲ್ಲ. ಪಾಯಸ ಆಗುವ ತನಕ ಏನನ್ನೂ ಬಡಿಸದೆ ಕೂರಿಸಿದ್ದರೆ ಗಂಡಿನ ಕಡೆಯವರು ಎದ್ದೇ ಹೋಗುತ್ತಿದ್ದರು. ಹೊಸ ಸಂಪರ್ಕದಲ್ಲಿ ಸರ್ವರ್ ಮೊದಲ ಕೈಗೆ ಕಳಿಸುವುದು ಸಾಮಾನ್ಯವಾಗಿ ಹತ್ತು ಪ್ಯಾಕೆಟ್, ಅಂದರೆ ಸುಮಾರು 14 ಕೆಬಿ. ಪರದೆಯ ಮೇಲ್ಭಾಗಕ್ಕೆ ಬೇಕಾದಷ್ಟನ್ನು ಅದರಲ್ಲೇ ತುಂಬಿ ಕಳಿಸಿದರೆ ಓದುಗನ ಕೈ ಬಾಯಿಗೆ ಬರುತ್ತದೆ. ಕೆಳಗಿನ ಚಿತ್ರಗಳು ಅವನು ಅಲ್ಲಿಗೆ ಇಳಿದಾಗ ಬಂದರಾಯಿತು, ಸ್ಕ್ರಿಪ್ಟುಗಳು ಹಿಂದಿನಿಂದ ಬರಲಿ. ಎರಡು ಸಾಲಿನ ಬದಲಾವಣೆ, ಆದರೆ ಯಾವುದು ಮೊದಲು ಎಂದು ನಿರ್ಧರಿಸಲು ನಾಲ್ಕು ಇಲಾಖೆಯವರು ಕೂರಬೇಕು. ತಂತ್ರಜ್ಞಾನದ ಭಾಗ ಸುಲಭದ್ದು.

ಸೋಮವಾರ ಆಫೀಸಿಗೆ ಹೋದವನು ಮೊದಲು ಮಾಡಿದ್ದು ನಮ್ಮ ಮುಖಪುಟ ಯಾರ್ಯಾರನ್ನು ಕರೆಸಿಕೊಳ್ಳುತ್ತದೆ ಎಂದು ಪಟ್ಟಿ ತೆಗೆದದ್ದು. ಅರ್ಧಕ್ಕರ್ಧ ಹೊರಗಿನ ಕಂಪನಿಗಳ ಸ್ಕ್ರಿಪ್ಟು. ಗಿರಾಕಿ ಎಲ್ಲಿ ಬೆರಳಾಡಿಸಿದ ಎಂದು ನೋಡುವುದು ಒಂದು, ಯಾವ ಜಾಹೀರಾತಿನಿಂದ ಬಂದ ಎಂದು ಗುರುತಿಡುವವು ಹಲವು. ಒಂದರ ಚಂದಾ ಯಾವಾಗಲೋ ಮುಗಿದಿತ್ತು, ಆದರೂ ಅದು ನಿಷ್ಠೆಯಿಂದ ಪ್ರತಿಯೊಬ್ಬ ಗಿರಾಕಿಯ ಫೋನಿಗೂ ಹೋಗಿಬರುತ್ತಿತ್ತು. ಮೀಟಿಂಗ್ ಕರೆದು "ಇದು ಯಾರದ್ದು?" ಎಂದು ಕೇಳಿದೆ. ಮಾರ್ಕೆಟಿಂಗಿನವರು ತಾಂತ್ರಿಕ ವಿಭಾಗದ ಕಡೆ ನೋಡಿದರು, ತಾಂತ್ರಿಕ ವಿಭಾಗದವರು ಮಾರ್ಕೆಟಿಂಗಿನ ಕಡೆ. ಹಾಕಿಸಿದವರು ಕೆಲಸ ಬಿಟ್ಟು ಹೋಗಿದ್ದರು. ತೆಗೆದರೆ ಏನಾದೀತೆಂದು ಚರ್ಚೆ ನಡೆಯಿತು. ಕೊನೆಗೆ ತೆಗೆದೆವು. ಏನೂ ಆಗಲಿಲ್ಲ, ಯಾರೂ ಕೇಳಲಿಲ್ಲ.

ಮುಖಪುಟದಲ್ಲಿ ತಾನಾಗಿ ಸರಿಯುತ್ತಿದ್ದ ಐದು ಚಿತ್ರಗಳ ಸಾಲಿನಲ್ಲಿ ನಾಲ್ಕು ಹೋದವು. ಚಾಟ್ ಗುಳ್ಳೆ ಮಾತ್ರ ಉಳಿಯಿತು, ಅದು ಎಂಡಿ ಸಾಹೇಬರ ಇಷ್ಟದ್ದು. ಎಲ್ಲ ಒಂದು ಹದಕ್ಕೆ ಬಂತೆನ್ನುವಾಗ ಮಾರ್ಕೆಟಿಂಗಿನ ಹುಡುಗ ನನ್ನ ಮೇಜಿನ ಹತ್ತಿರ ಬಂದ.

"ಸರ್, ದಸರಾ ಬರ್ತಿದೆ. ಮುಖಪುಟದ ಮೇಲೆ ಅಂಬಾರಿ ಹೊತ್ತ ಆನೆ ಈ ಕಡೆಯಿಂದ ಆ ಕಡೆಗೆ ನಡ್ಕೊಂಡು ಹೋಗೋ ಹಾಗೆ ವಿಡಿಯೊ ಹಾಕೋಣ."

"ಎಷ್ಟು ಎಂಬಿ?"

"ಆನೆ ಅಲ್ವಾ ಸರ್, ಸ್ವಲ್ಪ ಜಾಸ್ತಿನೇ ಇರುತ್ತೆ."

ಎರಡು ಮೀಟಿಂಗಿನ ನಂತರ ಆನೆ ನಡೆಯುವುದು ಬೇಡ, ನಿಂತಿರಲಿ ಎಂದು ರಾಜಿಯಾಯಿತು. ಒಂದೇ ಚಿತ್ರ, 60 ಕೆಬಿ ಮೀರುವಂತಿಲ್ಲ, ಅಗಲ ಎತ್ತರ ಮೊದಲೇ ನಮೂದಿಸಬೇಕು. ಡಿಸೈನರ್ ಮೊದಲ ಪ್ರತಿ ನಿನ್ನೆ ಕಳಿಸಿದ್ದಾನೆ, 4 ಎಂಬಿ ಇದೆ. ಸೊಂಡಿಲಿನ ಸುಕ್ಕು ಕಾಣಬೇಕಂತೆ.